ಏಡಿಗಳು ಇಳಿಯುವ ತಿಂಗಳು

ಮುಂದಿದ್ದ ಇಬ್ಬರ ಕೆಲಸ ಮುಗಿದು ತಮ್ಮ ಪಾಳಿ ಬಂದ ಮೇಲೆ ಅತ್ತೆ ಕೌಂಟರಿನ ಗಾಜಿನ ಕಿಂಡಿಗೆ ಬಗ್ಗಿ, "ದ್ವೀಪಕ್ಕೆ ಎರಡು ಟಿಕೆಟ್ ಕೊಡಮ್ಮ, ಮುಂದಿನ ವಾರಕ್ಕೆ" ಎಂದರು.

ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದ್ದ ಸೊಸೆ ತಲೆ ಎತ್ತಲಿಲ್ಲ. ದಿನವೂ ಹೇಳುವ ಮಾತು ತಾನಾಗಿಯೇ ಬಾಯಿಗೆ ಬಂತು. "ಮುಂದಿನ ವಾರ ಬೇಡಿ. ಅಲ್ಲಿ ಮಳೆ ಹಿಡ್ಕೊಳ್ಳೋ ಹೊತ್ತು. ಸಮುದ್ರ ಕಲಕಿರುತ್ತೆ, ಗಾಜಿನ ತಳದ ದೋಣಿ ಬಿಡಲ್ಲ, ಹೋಟೆಲುಗಳು ಅರ್ಧಕ್ಕರ್ಧ ಬಾಗಿಲು ಹಾಕಿರ್ತವೆ. ಒಣಗಾಳಿ ಶುರುವಾದ್ಮೇಲೆ ಹೋಗಿ. ಆಗ ನೀರು ಕನ್ನಡಿ ಥರ ಇರುತ್ತೆ, ಕೆಳಗಿರೋ ಮೀನು..."

"ಮೀನು ಎಣಿಸಬಹುದು. ಗೊತ್ತು. ನೀನು ನಮ್ಮ ಮನೆ ಸೊಸೆಯಾಗಿ ಬಂದಾಗಿನಿಂದ ಕೇಳ್ತಿದೀನಿ. ಟಿಕೆಟ್ ಕೊಡು."

ಸೊಸೆ ಬೆಚ್ಚಿ ತಲೆ ಎತ್ತಿದಳು. "ಅತ್ತೆ, ನೀವಾ?"

"ಕ್ಯೂನಲ್ಲಿ ನಿಂತೇ ಬಂದಿದೀನಿ. ಹಿಂದೆ ಜನ ಕಾಯ್ತಿದಾರೆ, ಬೇಗ ಮಾಡು."

ಪಕ್ಕದ ಕೌಂಟರಿನವರು ಬಾಯಿಗೆ ಕರ್ಚೀಫು ಅಡ್ಡ ಹಿಡಿದು ನಕ್ಕರು. ಅವರೇ ಅವಳಿಗೆ 'ದ್ವೀಪದಮ್ಮ' ಎಂದು ಹೆಸರಿಟ್ಟವರು. ಆ ಪ್ರವಾಸದ ಕಚೇರಿಯಲ್ಲಿ ದ್ವೀಪದ ಕೌಂಟರು ಮೊದಲಿನಿಂದಲೂ ಅವಳದೇ. ಗಾಳಿ ಯಾವಾಗ ದಿಕ್ಕು ಬದಲಿಸುತ್ತದೆ, ಯಾವಾಗ ಸೆಕೆ ಮೈ ಸುಡುತ್ತದೆ, ಯಾವ ತಿಂಗಳು ಹನಿಮೂನಿನವರಿಗೆ, ಯಾವ ತಿಂಗಳು ಮಕ್ಕಳೊಂದಿಗರಿಗೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಬೆನ್ನ ಹಿಂದಿನ ಗೋಡೆಯಲ್ಲಿ ದೊಡ್ಡದೊಂದು ಪಟ ತೂಗುತ್ತಿತ್ತು: ಹೋಗಬೇಕಾದ ತಿಂಗಳುಗಳಿಗೆ ಹಸಿರು, ಹೋದರೆ ಹೋಗಬಹುದಾದವಕ್ಕೆ ಹಳದಿ, ಹೋಗಲೇಬಾರದವಕ್ಕೆ ಕೆಂಪು. ಇಷ್ಟೆಲ್ಲ ಇದ್ದೂ ಅವಳು ಆ ದ್ವೀಪದ ಮರಳಿನ ಮೇಲೆ ಒಂದು ಹೆಜ್ಜೆ ಇಟ್ಟವಳಲ್ಲ. ಹಸಿರು ತಿಂಗಳುಗಳಲ್ಲಿ ಕಚೇರಿ ಸಂತೆಯಾಗುತ್ತಿತ್ತು, ನೀರು ಕುಡಿಯಲೂ ಪುರುಸೊತ್ತಿರುತ್ತಿರಲಿಲ್ಲ. ರಜೆ ಸಿಗುತ್ತಿದ್ದುದು ಕೆಂಪು ತಿಂಗಳುಗಳಲ್ಲಿ. ಆಗ ಯಾರು ಹೋಗುತ್ತಾರೆ?

ಅತ್ತೆಗೆ ಆ ದ್ವೀಪವನ್ನು ನೋಡುವ ಆಸೆ ಹೊಸದಲ್ಲ. ಅವರು ಬಸ್ಸಿನ ಕಂಡಕ್ಟರ್ ಆಗಿದ್ದವರು. ಮಾರುಕಟ್ಟೆಯಿಂದ ರೈಲ್ವೆ ಗೇಟು, ರೈಲ್ವೆ ಗೇಟಿನಿಂದ ಮಾರುಕಟ್ಟೆ, ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯವರೆಗೆ ಅದೇ ದಾರಿ. "ಊರಿನವರನ್ನೆಲ್ಲ ಓಡಾಡಿಸಿದೆ, ನಾನು ಮಾತ್ರ ರೈಲ್ವೆ ಗೇಟು ದಾಟಲಿಲ್ಲ" ಎಂದು ನಗುತ್ತಲೇ ಹೇಳುತ್ತಿದ್ದರು. ಸೊಸೆ ಪ್ರತಿ ಸಲವೂ "ಹಸಿರು ತಿಂಗಳು ಬರ್ಲಿ ಅತ್ತೆ" ಎನ್ನುತ್ತಿದ್ದಳು. ಹಸಿರು ಬರುತ್ತಿತ್ತು, ಹೋಗುತ್ತಿತ್ತು.

"ಈಗ ಮಂಡಿ ಇನ್ನೂ ನನ್ನ ಮಾತು ಕೇಳ್ತಿದೆ" ಎಂದರು ಅತ್ತೆ, ಕಿಂಡಿಯೊಳಗೆ ಕೈ ಚಾಚಿ. "ಮುಂದಿನ ವರ್ಷ ಅದರ ಮಾತು ನಾನು ಕೇಳ್ಬೇಕಾಗುತ್ತೆ. ಮಳೆ ಬಂದ್ರೆ ಕೊಡೆ ಇದೆ."

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಮ್ಯಾನೇಜರು ಹೊರಗೆ ಬಂದರು. "ಹೋಗಿ ಬಾಮ್ಮ. ಈ ತಿಂಗಳು ನಿನ್ನ ಕೌಂಟರಿನಲ್ಲಿ ನೊಣ ಹೊಡೆಯೋದು ಬಿಟ್ಟು ಇನ್ನೇನಿದೆ?"

ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಸೊಸೆಯ ಗಂಡನಿಗೆ ರಜೆ ಇರಲಿಲ್ಲ. ಅವನು ಅದಕ್ಕಾಗಿ ಏನೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. "ನೀವಿಬ್ರೂ ಹೋದ್ರೆ ಮನೇಲಿ ನಾನೇ ಮಹಾರಾಜ" ಎಂದು ಬ್ಯಾಗು ಹೊತ್ತು ಬಂದರಿನವರೆಗೆ ಬಂದು ಬಿಟ್ಟುಹೋದ.

ಹಡಗು ಹತ್ತುವಾಗಲೇ ಅತ್ತೆಗೆ ಹಳೆಯ ಉಮೇದು ಬಂದಿತ್ತು. ಬಾಗಿಲಲ್ಲೇ ಗುಂಪುಗೂಡಿ ನಿಂತವರನ್ನು ಕಂಡು ತಡೆಯಲಾಗದೆ, "ಒಳಗೆ ಹೋಗಿ, ಒಳಗೆ ಜಾಗ ಇದೆ, ಮೆಟ್ಟಿಲ ಮೇಲೆ ನಿಲ್ಬೇಡಿ" ಎಂದುಬಿಟ್ಟರು. ಜನ ಮರುಮಾತಾಡದೆ ಒಳಗೆ ಸರಿದರು. ಹಡಗಿನ ಸಿಬ್ಬಂದಿ ಅವರಿಗೆ ಕಿಟಕಿಯ ಪಕ್ಕ ಜಾಗ ಕೊಟ್ಟರು.

ಅಲೆಗಳು ಹಡಗನ್ನು ಮರದ ತೊಟ್ಟಿಲಿನಂತೆ ತೂಗಿದವು. ದ್ವೀಪ ಕಂಡಾಗ ದ್ವೀಪದಮ್ಮನ ಮುಖ ಇಳಿದುಹೋಯಿತು. ಅವಳ ಕೌಂಟರಿನ ಚಿತ್ರಗಳಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಸಮುದ್ರ ಇಲ್ಲಿ ಸಾಣೆಕಲ್ಲಿನ ಬಣ್ಣದ್ದಾಗಿತ್ತು. ಆಕಾಶ ಪಾತ್ರೆಗೆ ಮುಚ್ಚಿದ ತಟ್ಟೆಯಂತೆ ಕವುಚಿಕೊಂಡಿತ್ತು. ಮಳೆಯಿನ್ನೂ ಬಂದಿರಲಿಲ್ಲ, ಗಾಳಿಯೂ ಇರಲಿಲ್ಲ. ಮೈಯಿಂದ ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ಗಾಜಿನ ತಳದ ದೋಣಿಗಳನ್ನು ದಡಕ್ಕೆ ಎಳೆದು, ಕವುಚಿ ಹಾಕಿ, ಹಗ್ಗ ಬಿಗಿದಿದ್ದರು.

"ಹಸಿರು ತಿಂಗಳಲ್ಲಿ ಬಂದಿದ್ರೆ ಹೀಗಿರ್ತಿರಲಿಲ್ಲ ಅತ್ತೆ" ಎಂದಳು, ಮೋಡಗಳನ್ನೆಲ್ಲ ತಾನೇ ಹೊತ್ತು ತಂದು ಅಲ್ಲಿ ಸುರಿದವಳಂತೆ ತಪ್ಪಿತಸ್ಥ ದನಿಯಲ್ಲಿ.

"ನಿನ್ನನ್ನ ಯಾರು ಕೇಳಿದ್ರು?" ಅತ್ತೆ ಚಪ್ಪಲಿ ಕಳಚಿ ಆಗಲೇ ಮರಳಿನಲ್ಲಿ ನಿಂತಿದ್ದರು. "ಎಷ್ಟು ಬೆಚ್ಚಗಿದೆ ನೋಡು."

ಅವರು ಉಳಿದುಕೊಂಡ ವಸತಿಗೃಹ ಕಾಡಿನ ರಸ್ತೆಯ ಅಂಚಿನಲ್ಲಿತ್ತು. ಹಳದಿ ಗೋಡೆ, ತಗಡಿನ ಸೂರು, ಸಾಲಾಗಿ ನಾಲ್ಕಾರು ಕೋಣೆ, ಕೊನೆಗೆ ಅಡುಗೆಮನೆ. ನಡೆಸುತ್ತಿದ್ದವಳು ತುಂಬು ಗರ್ಭಿಣಿಯಾದ ಒಬ್ಬ ಹುಡುಗಿ. ಅವಳ ಗಂಡ ಸರಕಿನ ಹಡಗಿನಲ್ಲಿ ದೂರ ಹೋಗಿದ್ದ. ಜೊತೆಗಿದ್ದವರು ಅವಳ ಅಪ್ಪ. ಹಳೆಯದೊಂದು ಜೀಪು ಓಡಿಸುತ್ತಿದ್ದುದರಿಂದ ಇಡೀ ದ್ವೀಪಕ್ಕೆ ಅವರು ಜೀಪಿನ ತಾತ.

"ಸರಿಯಾದ ಹೊತ್ತಿಗೆ ಬಂದಿದೀರಿ" ಎಂದಳು ಹುಡುಗಿ, ಸೊಂಟದ ಮೇಲೆ ಕೈಯಿಟ್ಟು ಕೋಣೆ ತೋರಿಸುತ್ತ.

ತಮಾಷೆಯೋ ಏನೋ ಅಂದುಕೊಂಡು ದ್ವೀಪದಮ್ಮ ನಕ್ಕಳು. "ಸರಿಯಾದ ಹೊತ್ತಾ? ನಮ್ಮ ಪಟದಲ್ಲಿ ಇದು ಕೆಂಪು ತಿಂಗಳು."

"ಕೆಂಪೇ. ನಿಮ್ಮ ಪಟದೋರಿಗೂ ಗೊತ್ತಾ ಹಾಗಾದ್ರೆ?" ಹುಡುಗಿಗೆ ಖುಷಿಯಾಯಿತು. "ಇವತ್ತು ಮಳೆ ಬಿದ್ರೆ ನಾಳೆ ನೋಡೋರಂತೆ."

ಏನು ನೋಡುವುದೆಂದು ಕೇಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಅಂಗಳದಲ್ಲಿ ತಾತ ಪ್ರತಿ ಬಾಗಿಲಿಗೂ ಮೊಣಕಾಲೆತ್ತರದ ಹಲಗೆ ಅಡ್ಡ ಕೂರಿಸುತ್ತಿದ್ದರು. ಗೋಡೆಗೆ ಉದ್ದ ಹಿಡಿಯ ಪೊರಕೆಗಳು ಸಾಲಾಗಿ ಒರಗಿದ್ದವು.

"ಇದ್ಯಾಕೆ ಯಜಮಾನ್ರೇ?" ಎಂದು ಅತ್ತೆ ವಿಚಾರಿಸಿದರು.

"ನೆಂಟರು ಬರ್ತಾರಮ್ಮ. ಕರೆಯದೆ ಬರೋರು. ಕೋಣೆ ಒಳಗೆಲ್ಲ ನುಗ್ತಾರೆ."

ಮಧ್ಯಾಹ್ನ ಊಟ ಮುಗಿಸಿ ಏಳುವ ಹೊತ್ತಿಗೆ ಮಳೆ ಬಂತು. ಹನಿಹನಿಯಾಗಿ ಶುರುವಾಗುವ ಮಳೆಯಲ್ಲ. ಯಾರೋ ಮೇಲಿಂದ ಕೊಡಗಟ್ಟಲೆ ಸುರಿದಂತೆ ಒಂದೇ ಏಟಿಗೆ ಬಂತು. ತಗಡಿನ ಸೂರಿನ ಸದ್ದಿಗೆ ಮಾತು ಕೇಳಿಸದಾಯಿತು. ಕೆಟ್ಟಿತು ಕೆಲಸ ಎಂದು ದ್ವೀಪದಮ್ಮ ಕಿಟಕಿಯ ಬಳಿ ಹೋಗಿ ನೋಡಿದರೆ ಬೀದಿಯ ಜನರೆಲ್ಲ ಹೊರಗೆ ಬಂದು ನೆನೆಯುತ್ತಿದ್ದರು. ಶಾಲೆಯ ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟು ಮುಖವನ್ನು ಮಳೆಗೆ ಒಡ್ಡಿದ್ದರು. ಅಂಚೆಯವಳು ಸೈಕಲ್ಲಿನ ಗಂಟೆ ಬಾರಿಸುತ್ತ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು. ಮಳೆಯನ್ನು ಇಷ್ಟು ಆಸೆಯಿಂದ ಕಾಯುತ್ತಿದ್ದವರನ್ನು ಅವಳು ಕಂಡಿರಲಿಲ್ಲ. ಅವಳಿಗೆ ಗೊತ್ತಿದ್ದವರೆಲ್ಲ ಮಳೆ ಬಂದರೆ ದುಡ್ಡು ವಾಪಸ್ಸು ಕೇಳುವವರು.

ಬೆಳಗಾಗುವಾಗ ಅವಳನ್ನು ಎಬ್ಬಿಸಿದ್ದು ಒಂದು ಸದ್ದು. ಮಳೆ ನಿಂತಿತ್ತು. ಒಣಗಿದ ಕಾಗದದ ಕಟ್ಟುಗಳನ್ನು ನೆಲದ ಮೇಲೆ ಎಳೆದಂತೆ, ದೊಡ್ಡ ಬಾಣಲೆಯಲ್ಲಿ ಏನೋ ಹುರಿಯುತ್ತಿರುವಂತೆ, ಎಡೆಬಿಡದ ಸರಸರ, ಕಟಕಟ. ಬಾಗಿಲು ತೆಗೆದಳು. ತೆಗೆದವಳು ಹಾಗೆಯೇ ನಿಂತಳು.

ಅಂಗಳ ಕೆಂಪಾಗಿತ್ತು. ಆ ಕೆಂಪು ಚಲಿಸುತ್ತಿತ್ತು.

ಅಂಗೈಯಗಲದ ಏಡಿಗಳು. ಕಾಡಿನಿಂದ ಇಳಿದು, ರಸ್ತೆ ತುಂಬಿ, ಅಂಗಳ ತುಂಬಿ, ಹಲಗೆಗೆ ಡಿಕ್ಕಿ ಹೊಡೆದು, ಪಕ್ಕಕ್ಕೆ ಸರಿದು, ಮತ್ತೆ ಮುಂದಕ್ಕೆ. ಜೀಪಿನ ಬಾನೆಟ್ಟಿನ ಮೇಲೆ ಏಡಿ, ನೀರಿನ ಪೈಪಿನ ಮೇಲೆ ಏಡಿ, ಗೋಡೆ ಹತ್ತಿ ಆಚೆ ಧುಮುಕುತ್ತಿದ್ದ ಏಡಿ. ಎಲ್ಲವೂ ಒಂದೇ ದಿಕ್ಕಿಗೆ, ಸಮುದ್ರದ ಕಡೆಗೆ.

"ಅತ್ತೆ. ಅತ್ತೆ, ಬೇಗ ಬನ್ನಿ." ಅವಳ ದನಿ ಅವಳಿಗೇ ಚಿಕ್ಕ ಹುಡುಗಿಯದಂತೆ ಕೇಳಿಸಿತು.

ಅತ್ತೆ ಬಂದು ನೋಡಿ, ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಒಂದಾದ್ರೂ ಹಿಂದಕ್ಕೆ ತಿರುಗ್ತಿದ್ಯಾ ನೋಡು" ಎಂದರು ಮೆಲ್ಲಗೆ.

ಮೊದಲ ಮಳೆ ನೆಲಕ್ಕೆ ಬಿದ್ದರೆ ಸಾಕು, ಕಾಡಿನ ಬಿಲಗಳಿಂದ ಅವು ಹೊರಡುತ್ತವೆ, ಸಮುದ್ರದ ಅಂಚಿನಲ್ಲಿ ಸಂಸಾರ ಹೂಡಿ, ಮೊಟ್ಟೆಗಳನ್ನು ನೀರಿಗೆ ಬಿಟ್ಟು ಮರಳುತ್ತವೆ ಎಂದು ತಾತ ವಿವರಿಸಿದರು. ದ್ವೀಪದಮ್ಮ ಕೇಳುತ್ತ ಕೇಳುತ್ತ ಪಟದ ಆ ಕೆಂಪು ಮನೆಗಳನ್ನು ನೆನೆದಳು. ಇಷ್ಟು ವರ್ಷ ಎಷ್ಟು ಜನರಿಗೆ ಬೇಡ ಎಂದಿದ್ದಳೋ. ಆದರೆ ಕೊರಗುವುದಕ್ಕೆ ಅವಳಿಗೆ ಬಿಡುವೇ ಸಿಗಲಿಲ್ಲ. ಅಡುಗೆಮನೆಯಿಂದ ಏನೋ ಉರುಳಿದ ಸದ್ದಾಯಿತು.

ಹುಡುಗಿ ಕಟ್ಟೆ ಹಿಡಿದು ನಿಂತಿದ್ದಳು. ಹಾಲಿನ ಪಾತ್ರೆ ನೆಲದ ಮೇಲೆ ಬಿದ್ದಿತ್ತು.

"ಅಪ್ಪಾ" ಎಂದಳು, "ಇದಕ್ಕೂ ಇವತ್ತೇ ಹೊರಡ್ಬೇಕಂತೆ."

ಅತ್ತೆ ಅವಳ ಬೆನ್ನಿಗೆ ಕೈ ಕೊಟ್ಟರು. "ನೋವು ಯಾವಾಗಿಂದ ಮಗಾ?"

"ಬೆಳಗಿನ ಜಾವದಿಂದ. ಸುಳ್ಳು ನೋವಿರಬಹುದು ಅಂತ ಸುಮ್ನಿದ್ದೆ."

ಆಸ್ಪತ್ರೆ ದ್ವೀಪದ ಇನ್ನೊಂದು ಬದಿಯಲ್ಲಿತ್ತು, ಕಾಡಿನ ರಸ್ತೆಯ ಆಚೆ ತುದಿಗೆ. ತಾತ ಫೋನು ಮಾಡಿದರು. ಆಸ್ಪತ್ರೆಯವರು ವ್ಯಾನು ಕಳಿಸುತ್ತೇವೆ ಎಂದರು. ಆದರೆ ಅವರದೂ ಅದೇ ರಸ್ತೆ, ಅದೇ ಏಡಿ. ಅವರು ಆ ಕಡೆಯಿಂದ ದಾರಿ ಬಿಡಿಸಿಕೊಂಡು ಬರುವುದು, ಇವರು ಈ ಕಡೆಯಿಂದ ಹೋಗುವುದು, ಎಲ್ಲಿ ಸಿಗುತ್ತಾರೋ ಅಲ್ಲಿ ಹುಡುಗಿಯನ್ನು ವ್ಯಾನಿಗೆ ಹತ್ತಿಸುವುದು ಎಂದಾಯಿತು.

"ಹಾಗೇ ಓಡಿಸ್ಕೊಂಡು ಹೋಗಕ್ಕಾಗಲ್ವಾ?" ಎಂದು ದ್ವೀಪದಮ್ಮ ಕೇಳಿದಳು, ಕೇಳಿದ್ದಕ್ಕೆ ತಾನೇ ನಾಚಿದಳು.

"ಮನಸ್ಸು ಒಪ್ಪಲ್ಲಮ್ಮ. ಮನಸ್ಸು ಒಪ್ಪಿದ್ರೂ ಟೈರು ಒಪ್ಪಲ್ಲ. ಚಿಪ್ಪು ಚುಚ್ಕೊಂಡ್ರೆ ನಾಲ್ಕೂ ಢಮಾರ್." ತಾತ ಜೀಪಿನ ಕೀಲಿ ಕೈಗೆತ್ತಿಕೊಂಡರು. "ಮುಂದೆ ಯಾರಾದ್ರೂ ಗುಡಿಸ್ಕೊಂಡು ಹೋಗ್ಬೇಕು."

ಅತ್ತೆ ಆಗಲೇ ಎರಡು ಪೊರಕೆ ತಂದಿದ್ದರು. ಒಂದನ್ನು ಸೊಸೆಯ ಕೈಗಿತ್ತರು. "ಎಡಗಡೆ ನಿಂದು, ಬಲಗಡೆ ನಂದು."

ಜೀಪು ಹೊರಟಿತು. ಹೊರಟಿತು ಎನ್ನುವುದಕ್ಕಿಂತ ತೆವಳಿತು. ಮುಂದೆ ಅತ್ತೆ, ಸೊಸೆ. ಪೊರಕೆಯನ್ನು ನೆಲಕ್ಕೆ ತಾಗಿಸಿ ಮೆತ್ತಗೆ ತಳ್ಳಿದರೆ ಏಡಿಗಳು ಸಿಟ್ಟಿನಿಂದ ಕೊಂಡಿ ಎತ್ತಿ ಪಕ್ಕಕ್ಕೆ ಸರಿಯುತ್ತಿದ್ದವು. ಜೋರಾಗಿ ತಳ್ಳಿದರೆ ಪೊರಕೆಯನ್ನೇ ಕಚ್ಚಿ ಹಿಡಿದು ಸವಾರಿ ಮಾಡುತ್ತಿದ್ದವು. ಮೊದಲು ಕಾಲಿಗೆ ಹತ್ತುತ್ತವೆಂದು ದ್ವೀಪದಮ್ಮ ಕುಣಿಯುತ್ತಲೇ ಗುಡಿಸಿದಳು. ಆಮೇಲೆ ಮರೆತುಬಿಟ್ಟಳು. ಕೆಲಸ ಸಾಗುವ ಲಯವೊಂದು ಸಿಕ್ಕಿತ್ತು. ಒಂದು ಜೀಪಿನಷ್ಟು ಜಾಗ ತೆರೆಯುವುದು, ಜೀಪು ಬರುವುದು, ಹಿಂದೆಯೇ ಕೆಂಪು ಮತ್ತೆ ಕೂಡಿಕೊಳ್ಳುವುದು.

"ರೈಟ್" ಎಂದು ಅತ್ತೆ ಕೈ ಬೀಸಿದರೆ ತಾತ ಕ್ಲಚ್ಚು ಬಿಡುತ್ತಿದ್ದರು. "ಹೋಲ್ಡಾನ್" ಎಂದರೆ ಜೀಪು ನಿಂತಲ್ಲೇ ನಿಲ್ಲುತ್ತಿತ್ತು. ಒಳಗೆ ಹುಡುಗಿ ಹಲ್ಲು ಕಚ್ಚಿ ನೋವು ನುಂಗುತ್ತಿದ್ದವಳು ಅದನ್ನು ಕೇಳಿ ನಕ್ಕಳು. "ಅಮ್ಮಾ, ಟಿಕೆಟ್ ತಗೊಂಡಿಲ್ಲ ನಾನು."

"ನಿಂದು ಪಾಸು ಮಗಾ. ಒಳಗಿರೋರದ್ದು ಕೂಡ ಪಾಸೇ. ಕೂತ್ಕೋ."

ವಿಷಯ ಹೇಗೋ ಊರಿಗೆ ತಲುಪಿತ್ತು. ಹಿಂದಿನಿಂದ ಅಂಚೆಯವಳು ಸೈಕಲ್ಲು ಹೊತ್ತುಕೊಂಡೇ ಓಡಿಬಂದಳು. ಮೇಷ್ಟ್ರು ಶಾಲೆಯ ಪೊರಕೆಗಳನ್ನೆಲ್ಲ ಕಂಕುಳಲ್ಲಿ ಇರುಕಿಕೊಂಡು ಬಂದರು. ಈಗ ನಾಲ್ವರು ಒಂದೇ ಸಾಲಿನಲ್ಲಿ ಗುಡಿಸತೊಡಗಿದರು. ಜೀಪು ಮೊದಲಿಗಿಂತ ಚುರುಕಾಯಿತು. ದ್ವೀಪದಮ್ಮನ ಕೂದಲು ಬಿಚ್ಚಿಹೋಗಿತ್ತು, ಚಪ್ಪಲಿ ಎಲ್ಲೋ ಕಳಚಿಬಿದ್ದಿತ್ತು, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಭಯವೋ ಸಂತೋಷವೋ ಬಿಡಿಸಿ ಹೇಳಲು ಅವಳಿಂದಾಗುತ್ತಿರಲಿಲ್ಲ. ಬೇರೆ ಯಾವ ಕೆಲಸಕ್ಕೂ ತಾನು ಹೀಗೆ ಓಡಿದ್ದಿಲ್ಲ ಎಂದು ಮಾತ್ರ ಅನ್ನಿಸುತ್ತಿತ್ತು.

ಸೇತುವೆಯ ಹತ್ತಿರ ಎಲ್ಲವೂ ನಿಂತಿತು.

ಕಾಡಿನ ಹಳ್ಳಕ್ಕೆ ಕಟ್ಟಿದ ಕಿರಿದಾದ ಸೇತುವೆ ಅದು. ರಾತ್ರಿಯ ಮಳೆಗೆ ಹಳ್ಳ ಉಕ್ಕಿ ಹರಿಯುತ್ತಿತ್ತು. ನೆಲದ ಮೇಲೇ ಬದುಕುವ, ಈಜಲಾರದ ಈ ಏಡಿಗಳೆಲ್ಲ ಸೇತುವೆಯನ್ನೇ ಹುಡುಕಿಕೊಂಡು ಬಂದಿದ್ದವು. ಒಂದರ ಮೇಲೊಂದು ಹತ್ತಿ ಅಲ್ಲಿ ಏಡಿಗಳ ರಾಶಿಯೇ ಆಗಿತ್ತು. ಗುಡಿಸಿದಷ್ಟೂ ಹಿಂದಿನಿಂದ ಬಂದು ತುಂಬಿಕೊಳ್ಳುತ್ತಿದ್ದವು. ಪಕ್ಕಕ್ಕೆ ತಳ್ಳಿದರೆ ನೀರಿನ ಪಾಲು.

ಜೀಪಿನೊಳಗಿಂದ ಹುಡುಗಿ ಮೊದಲ ಸಲ ಕೂಗಿದಳು. ತಾತ ಸ್ಟಿಯರಿಂಗಿನ ಮೇಲೆ ತಲೆಯಿಟ್ಟರು. ಮೇಷ್ಟ್ರು ಪೊರಕೆ ಹಿಡಿದು ಕೈಚೆಲ್ಲಿ ನಿಂತರು. ಅತ್ತೆ ಕೂಡ ಸೊಸೆಯ ಮುಖ ನೋಡಿದರು.

ದ್ವೀಪದಮ್ಮ ಸೇತುವೆಯನ್ನು ನೋಡಿದಳು. ಸೇತುವೆಯ ಬಾಯಲ್ಲಿ ನೂಕಾಡುತ್ತಿದ್ದ ಆ ಗುಂಪು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಣಗಾಳಿಯ ತಿಂಗಳುಗಳಲ್ಲಿ ಅವಳ ಕಿಂಡಿಯ ಮುಂದೆ ದಿನವೂ ಆಗುವುದು ಇದೇ. ಕೌಂಟರಿನ ಹತ್ತಿರ ಎಷ್ಟು ಕೂಗಾಡಿದರೂ ಪ್ರಯೋಜನವಿಲ್ಲ, ಬಾಗಿಲಲ್ಲೇ ತಡೆಯಬೇಕು.

"ಇಲ್ಲಿ ಗುಡಿಸ್ಬೇಡಿ" ಎಂದಳು. "ಮೊದ್ಲು ಬರೋರನ್ನ ನಿಲ್ಲಿಸೋಣ. ತಾತ, ಜೀಪಿನ ಟಾರ್ಪಾಲು ಬಿಚ್ಕೊಳ್ಲಾ?"

ಉತ್ತರಕ್ಕೆ ಕಾಯದೆ ಅವಳೂ ಅಂಚೆಯವಳೂ ಹಗ್ಗದ ಗಂಟು ಬಿಚ್ಚಿದರು. ಟಾರ್ಪಾಲನ್ನು ಉದ್ದಕ್ಕೆ ಮಡಚಿ ಇಬ್ಬರೂ ಒಂದೊಂದು ತುದಿ ಹಿಡಿದು, ಜೀಪಿನ ಹಿಂದೆ, ಏಡಿಗಳು ಬರುತ್ತಿದ್ದ ಕಡೆಗೆ ಗೋಡೆಯಂತೆ ಅಡ್ಡ ನಿಲ್ಲಿಸಿ, ಕೆಳ ಅಂಚನ್ನು ಪಾದಗಳಿಂದ ಒತ್ತಿ ನಿಂತರು. ಏಡಿಗಳು ಬಂದು ಟಪಟಪ ಬಡಿದವು. ಟಾರ್ಪಾಲು ಅಲುಗಿತು, ಆದರೆ ಬೀಳಲಿಲ್ಲ. ಸೇತುವೆಯ ಮೇಲಿದ್ದವು ತಮ್ಮ ಪಾಡಿಗೆ ತಾವು ಮುಂದೆ ನಡೆದವು. ಹಿಂದಿನಿಂದ ಹೊಸಬರು ಬರದೆ ರಾಶಿ ಕರಗತೊಡಗಿತು. ಅತ್ತೆಯೂ ಮೇಷ್ಟ್ರೂ ಉಳಿದವನ್ನು ಹುಷಾರಾಗಿ, ನೀರಿಗೆ ಬೀಳದಂತೆ, ಆಚೆ ದಡದವರೆಗೆ ಅಟ್ಟಿಕೊಂಡು ಹೋದರು.

"ಬೇಗ ಅತ್ತೆ, ಕಾಲು ಕಚ್ತಿವೆ" ಎಂದು ದ್ವೀಪದಮ್ಮ ಕೂಗಿದಳು. ಕೂಗುತ್ತಲೇ ನಗುತ್ತಿದ್ದಳು.

"ರೈಟ್, ರೈಟ್, ರೈಟ್" ಎಂದು ಆಚೆಯಿಂದ ಅತ್ತೆಯ ದನಿ ಕಾಡು ತುಂಬಿತು. ಜೀಪು ಬರಿದಾದ ಸೇತುವೆಯನ್ನು ಸರಕ್ಕನೆ ದಾಟಿತು.

ಇವರು ಟಾರ್ಪಾಲು ಬಿಟ್ಟು ಪಕ್ಕಕ್ಕೆ ಹಾರಿದರು. ತಡೆದು ನಿಂತಿದ್ದ ಕೆಂಪು ಒಮ್ಮೆಲೇ ಸೇತುವೆಗೆ ನುಗ್ಗಿತು. ಇಬ್ಬರೂ ಸೇತುವೆಯ ಕಟ್ಟೆ ಹತ್ತಿ, ಒಬ್ಬರ ಕೈ ಒಬ್ಬರು ಹಿಡಿದು, ಅದರ ಮೇಲೆಯೇ ಓಡಿ ಜೀಪನ್ನು ಹಿಡಿದರು.

ಮುಂದಿನ ತಿರುವಿನಾಚೆ ಪೊರಕೆಗಳ ಸದ್ದು ಕೇಳಿಸಿತು. ಆಸ್ಪತ್ರೆಯ ನರ್ಸು, ವ್ಯಾನಿನ ಚಾಲಕ, ದಾರಿಯಲ್ಲಿ ಸೇರಿಕೊಂಡ ಯಾರ್ಯಾರೋ, ಎಲ್ಲರೂ ಬೆವರಿ ಕೆಂಪಾಗಿ, ಇತ್ತ ಗುಡಿಸುತ್ತ ಬರುತ್ತಿದ್ದರು. ಎರಡು ಸಾಲುಗಳು ಮುಖಾಮುಖಿಯಾದಾಗ ನಡುವೆ ಸಿಕ್ಕಿಬಿದ್ದ ಏಡಿಗಳು ಯಾವ ಕಡೆ ಹೋಗುವುದೆಂದು ತಿಳಿಯದೆ ಗಿರಕಿ ಹೊಡೆದವು. ಹುಡುಗಿಯನ್ನು ವ್ಯಾನಿಗೆ ಹತ್ತಿಸಿದರು. ಅವಳು ಅತ್ತೆಯ ಕೈ ಬಿಡಲಿಲ್ಲ. ಅತ್ತೆಯೂ ಒಳಗೆ ಹತ್ತಿ ಕುಳಿತರು. ಗುಡಿಸುವವರೆಲ್ಲ ಈಗ ಆಸ್ಪತ್ರೆಯ ದಿಕ್ಕಿಗೆ ತಿರುಗಿ ವ್ಯಾನಿನ ಮುಂದೆ ಓಡಿದರು.

ಆಸ್ಪತ್ರೆಯ ಜಗುಲಿಯಲ್ಲಿ ಕಾಯುವುದು ಬಹಳ ಹೊತ್ತೇನೂ ಆಗಲಿಲ್ಲ. ಎಲ್ಲರಿಗೂ ಯಾರೋ ಚಹಾ ತಂದುಕೊಟ್ಟರು. ಲೋಟ ಅರ್ಧ ಖಾಲಿಯಾಗುವಷ್ಟರಲ್ಲಿ ಒಳಗಿನಿಂದ ಗಟ್ಟಿಯಾದ ಅಳು ಕೇಳಿತು. ತಾತ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಮೇಷ್ಟ್ರ ಕೈಗೆ ಕೊಟ್ಟರು. ಅತ್ತೆ ಬಾಗಿಲು ಸರಿಸಿ ಹೊರಬಂದರು. ಮುಖ ಮೊರದಗಲವಾಗಿತ್ತು.

"ಹೆಣ್ಣು ಯಜಮಾನ್ರೇ. ಬರುವಾಗ್ಲೇ ಕೈ ಮುಷ್ಟಿ ಎತ್ಕೊಂಡು ಬಂದಿದಾಳೆ. ದಾರೀಲಿ ಕಂಡೋರ ಹತ್ರ ಕಲ್ತಿರಬೇಕು."

ಜಗುಲಿಯೆಲ್ಲ ನಗೆಯೆದ್ದಿತು. ತಾತ ಮಾತ್ರ ನಗುತ್ತ ನಗುತ್ತಲೇ ಅಳತೊಡಗಿದರು. ಮಗಳ ಜೊತೆ ತಾವು ಇಲ್ಲೇ ಉಳಿಯುವುದಾಗಿಯೂ, ವಸತಿಗೃಹದ ಕಡೆ ನೋಡಿಕೊಳ್ಳಬೇಕೆಂದೂ ಹೇಳಿ ಬೀಗದ ಕೈಗೊಂಚಲನ್ನು ಅತ್ತೆಯ ಕೈಯಲ್ಲಿಟ್ಟರು. ಸಮುದ್ರ ಶಾಂತವಾಗುವವರೆಗೆ ಹಡಗು ಬರುವುದಿಲ್ಲ ಎಂಬ ಸುದ್ದಿಯನ್ನು ನರ್ಸು ಕೊಟ್ಟಾಗ ದ್ವೀಪದಮ್ಮನಿಗೆ ಒಳಗೊಳಗೇ ಕುಣಿಯುವಂತಾಯಿತು. ಗಂಡನಿಗೆ ಫೋನು ಮಾಡಿದಳು.

"ಟೀವಿಲಿ ನೋಡ್ದೆ, ಅಲ್ಲಿ ಭಾರಿ ಮಳೆಯಂತೆ" ಎಂದ ಅವನು. "ಪಾಪ, ಕೋಣೇಲೇ ಕೂತಿದೀರಾ ಇಬ್ರೂ?"

"ಕೂತಿದ್ದಾ? ನಿಂತ್ಕೊಳ್ಳಕ್ಕೂ ಪುರುಸೊತ್ತಿಲ್ಲ. ನಿಮ್ಮಮ್ಮ ಕಾಡಲ್ಲಿ ಬಸ್ಸು ಬಿಡ್ತಿದಾರೆ. ಹಡಗು ಇಲ್ವಂತೆ, ನಾವು ಈಗ್ಲೇ ಬರಲ್ಲ."

ಅವನು ಇನ್ನೇನೋ ಕೇಳುತ್ತಿದ್ದ. "ಅತ್ತೆ ಕರೀತಿದಾರೆ" ಎಂದು ಫೋನು ಇಟ್ಟಳು.

ಆಸ್ಪತ್ರೆಯ ಹಿಂದೆಯೇ ಕಡಲ ತೀರ. ಮೋಡ ಒಂದು ಕಡೆ ಹರಿದು ಬಿಸಿಲು ಇಳಿದಿತ್ತು. ಅಲ್ಲಿಗೆ ಬಂದು ಮುಟ್ಟಿದ ಏಡಿಗಳು ಬಂಡೆಗಳ ಮೇಲೆ ಸಾಲುಸಾಲಾಗಿ ಕುಳಿತು, ಅಲೆ ಬಂದಾಗ ಮೈ ಅದ್ದಿ, ಅಲೆ ಹಿಂದೆ ಸರಿದಾಗ ಅಲ್ಲೇ ಸುಮ್ಮನೆ ತಂಗುತ್ತಿದ್ದವು. ಅಷ್ಟು ಆತುರದಿಂದ ಬಂದವಕ್ಕೆ ಈಗ ಯಾವ ಆತುರವೂ ಇರಲಿಲ್ಲ. ಅತ್ತೆ ಉಟ್ಟ ಬಟ್ಟೆಯನ್ನು ಮಂಡಿಗೆ ಎತ್ತಿಕಟ್ಟಿ ನೀರಿಗೆ ಇಳಿದು ನಿಂತಿದ್ದರು.

"ಬಾರೇ" ಎಂದರು. "ಎಷ್ಟು ಹೊತ್ತು ದಡದಲ್ಲೇ ನಿಂತಿರ್ತೀಯಾ?"

ಪಾದದಲ್ಲಿ ಏಡಿ ಕಚ್ಚಿದ ಕಡೆಯೆಲ್ಲ ಉಪ್ಪುನೀರು ತಾಗಿ ಉರಿಯಿತು. ದ್ವೀಪದಮ್ಮ ಹಲ್ಲು ಕಚ್ಚಿಕೊಂಡು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅತ್ತೆಯ ತೋಳು ಹಿಡಿದುಕೊಂಡಳು. ದೂರದಲ್ಲಿ ಮತ್ತೊಂದು ಮಳೆ ಕಡಲ ಮೇಲೆ ನಡೆದು ಬರುತ್ತಿತ್ತು. ಇಬ್ಬರೂ ಅದು ಬರುವುದನ್ನೇ ನೋಡುತ್ತ ನಿಂತರು.